ಕಾಣದ ತವರಿಗೆ ಹೊರಟವರು

ಪರದೇಶದಲ್ಲಿ ಬಹುಕಾಲ ನೆಲೆಸಿದ್ದ ಕುಟುಂಬವೊಂದು ಊರಿಗೆ ಮರಳುವುದೆಂದರೆ ಸಂತೋಷದ ವಾರ್ತೆಯೆಂದೇ ಲೋಕವು ತಿಳಿಯುವುದು. ನಮ್ಮ ದಕ್ಷಿಣ ಕನ್ನಡದ ಮನೆಗಳಿಗೆ ಈ ವಾರ್ತೆ ಹೊಸತಲ್ಲ. ಮುಂಬಯಿಯಿಂದಲೋ ಕೊಲ್ಲಿಯ ದೇಶಗಳಿಂದಲೋ ಮಕ್ಕಳು ಬರುವರೆಂದು ತಿಳಿದ ದಿನ ಮನೆಯಲ್ಲಿ ಹಬ್ಬದ ಸಡಗರವಾಗುವುದು. ಹಾಗೆ ಬರುವವರಿಗೆ ತಾವು ಸೇರುವ ಮನೆ ಯಾವುದು, ಬಾಗಿಲಲ್ಲಿ ಕಾದು ನಿಂತವರು ಯಾರು, ಬಾವಿಯ ನೀರಿನ ರುಚಿ ಎಂತಹುದು ಎಂಬುದೆಲ್ಲ ಗೊತ್ತಿರುವುದು. ೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೇನೆ ಕುವೈಟನ್ನು ಹೊಕ್ಕಾಗ ಕೈಗೆ ಸಿಕ್ಕಿದಷ್ಟನ್ನು ಹಿಡಿದು, ಅಮ್ಮಾನಿನ ಮಾರ್ಗವಾಗಿ ವಿಮಾನವೇರಿ ಬಂದ ಲಕ್ಷಕ್ಕೂ ಮಿಕ್ಕಿದ ಭಾರತೀಯರು ಬಹಳವಾಗಿ ನೊಂದವರು. ಆದರೂ ಅವರಲ್ಲಿ ಹೆಚ್ಚಿನವರಿಗೆ ಹೋಗಿ ಸೇರಲು ಒಂದು ಮನೆಯಿದ್ದಿತು.

'ತಾಯ್ನಾಡಿಗೆ ಮರಳುವುದು' ಎಂಬ ಹೆಸರಿನಲ್ಲಿ ಹೊರಟು, ತಾವು ಎಂದೂ ಕಾಣದ ನಾಡಿಗೆ ಬಂದಿಳಿದವರೂ ಉಂಟು. ಅವರು ನಮ್ಮ ನೆರೆಯಲ್ಲಿಯೇ ಇರುವರು. ಹೊರಡುವ ಮುನ್ನ ಅವರು ಕಳೆದ ದಿನಗಳು ಹೇಗಿದ್ದುವೆಂಬುದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ಯೋಚಿಸಿದ್ದೇವೆ.

ಮಂಗಳೂರಿನಿಂದ ಹಾಸನಕ್ಕೆ ಹೋಗುವ ರೈಲು ಘಟ್ಟವನ್ನೇರುವುದಕ್ಕೆ ಮುಂಚೆ 'ಸುಬ್ರಹ್ಮಣ್ಯ ರಸ್ತೆ' ಎಂಬ ನಿಲ್ದಾಣದಲ್ಲಿ ನಿಲ್ಲುವುದು. ಕುಕ್ಕೆಯ ಯಾತ್ರಿಕರು ಅಲ್ಲಿ ಇಳಿದು ಮುಂದಿನ ದಾರಿಯನ್ನು ಬಸ್ಸಿನಲ್ಲಿಯೋ ಜೀಪಿನಲ್ಲಿಯೋ ಸಾಗುವರು. ಆ ನಿಲ್ದಾಣವಿರುವ ಊರೇ ನೆಟ್ಟಣ. ಮೊದಲು ಪುತ್ತೂರು ತಾಲೂಕಿಗೆ ಸೇರಿದ್ದ ಈ ಊರು ಈಗ ಕಡಬ ತಾಲೂಕಿನಲ್ಲಿದೆ. ಕಡಬ, ಸುಳ್ಯ, ಪುತ್ತೂರುಗಳ ಈ ಸೀಮೆಯಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳು ಹಬ್ಬಿರುವುವು. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆದು ರಬ್ಬರಿನ ಹಾಲು ತೆಗೆಯುವವರಲ್ಲಿ ಬಹುಮಂದಿ ತಮಿಳು ಮಾತಾಡುವವರು. ಊರವರು ಅವರನ್ನು 'ಸಿಲೋನಿನವರು' ಎಂದು ಕರೆಯುವುದು ರೂಢಿ. ಅವರ ವಸತಿಗಳಿಗೆ 'ಸಿ.ಆರ್.ಸಿ. ಕಾಲೊನಿ' ಎಂದು ಹೆಸರು. ಸಿಲೋನಿನಿಂದ ಮರಳಿದವರ ಕಾಲೊನಿ ಎಂಬುದು ಆ ಮೂರಕ್ಷರಗಳ ಅರ್ಥ.

ಇವರು ಸಿಲೋನಿಗೆ ಹೋದುದೇಕೆ ಎಂಬುದನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ಸಿಂಹಳ ದ್ವೀಪದ ಬೆಟ್ಟಗಳಲ್ಲಿ ಕಾಫಿಯ ತೋಟಗಳನ್ನು ಮಾಡಿದರು. ಕೆಲಸಕ್ಕೆ ಜನ ಬೇಕಾಯಿತು. 'ಕಂಗಾಣಿ'ಗಳೆಂಬ ಮೇಸ್ತ್ರಿಗಳು ತಮಿಳು ಜಿಲ್ಲೆಗಳ ಹಳ್ಳಿಗಳಿಗೆ ಬಂದು, ಬರದಿಂದಲೂ ಸಾಲದಿಂದಲೂ ಕಂಗೆಟ್ಟಿದ್ದ ಬಡವರಿಗೆ ಮುಂಗಡ ಕೊಟ್ಟು ಕರೆದೊಯ್ದರು. ಆರಂಭದ ಕಾಲದಲ್ಲಿ ಮನ್ನಾರಿನ ತೀರದಲ್ಲಿ ಇಳಿದು ಕಾಡಿನ ಹಾದಿಯಲ್ಲಿ ಮಾತಳೆಯವರೆಗೆ ನಡೆದೇ ಹೋಗಬೇಕಾಗಿದ್ದಿತು. ವಾಂತಿಭೇದಿ ಮತ್ತು ಜ್ವರಗಳಿಂದ ದಾರಿಯಲ್ಲಿಯೇ ಅಳಿದವರು ಅನೇಕರು. ೧೮೬೯ರಲ್ಲಿ ಕಾಣಿಸಿಕೊಂಡ ಎಲೆರೋಗವು ಮುಂದೆ ಕಾಫಿಯನ್ನು ನಾಶಗೊಳಿಸಿತು. ಅದಕ್ಕೆ ಎರಡು ವರ್ಷ ಮೊದಲೇ ಜೇಮ್ಸ್ ಟೇಲರ್ ಎಂಬವನು ಲೂಲೆಕಂಡೆರ ತೋಟದಲ್ಲಿ ಚಹಾ ಬೆಳೆಸಲು ತೊಡಗಿದ್ದನು. ಕಾಫಿಯು ಹೋಗಿ ಚಹಾ ಬಂದಿತು. ಕೂಲಿಯವರು ಮಾತ್ರ ಅಲ್ಲಿಯೇ ಉಳಿದರು. ಸಾಲುಮನೆಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಆ ಸಾಲುಮನೆಗೆ ಅವರು 'ಲಯಂ' ಎನ್ನುವರು. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಚಿಗುರು ಕಿತ್ತು, ಅಲ್ಲಿಯೇ ಮಣ್ಣಾದವರು ಮೂರು ನಾಲ್ಕು ತಲೆಮಾರಿನವರು.

೧೯೪೮ರಲ್ಲಿ ಸಿಲೋನು ಸ್ವತಂತ್ರವಾಯಿತು. ಅದೇ ವರ್ಷ ಮಾಡಿದ ಪೌರತ್ವದ ಕಾನೂನಿನಲ್ಲಿ ತಂದೆಯ ಅಥವಾ ಅಜ್ಜನ ಜನ್ಮಕ್ಕೂ ಪ್ರಮಾಣ ಬೇಕಾಯಿತು. ತೋಟದ ಕೂಲಿಯವನ ಅಜ್ಜನ ಜನ್ಮವನ್ನು ಬರೆದಿಟ್ಟವರು ಯಾರು? ಹೀಗೆ ತೋಟದ ಜನರಲ್ಲಿ ಬಹುಭಾಗವು ಯಾವ ದೇಶಕ್ಕೂ ಸೇರದವರಾಗಿ ಹೋದರು. ಮರುವರ್ಷ ಅವರ ಮತದಾನದ ಹಕ್ಕೂ ತಪ್ಪಿತು. ೧೯೬೪ನೆಯ ಅಕ್ಟೋಬರ್ ೩೦ರಂದು ಲಾಲ್ ಬಹಾದುರ್ ಶಾಸ್ತ್ರಿಗಳೂ ಸಿರಿಮಾವೋ ಬಂಡಾರನಾಯಿಕೆಯವರೂ ಒಪ್ಪಂದವೊಂದಕ್ಕೆ ಸಹಿ ಹಾಕಿದರು. ಹಾಗೆ ರಾಷ್ಟ್ರವಿಲ್ಲದವರಾಗಿದ್ದ ೯,೭೫,೦೦೦ ಜನರಲ್ಲಿ ೫,೨೫,೦೦೦ ಜನರನ್ನು ಭಾರತವು ಹದಿನೈದು ವರ್ಷಗಳಲ್ಲಿ ಕರೆಸಿಕೊಳ್ಳತಕ್ಕದ್ದು, ೩,೦೦,೦೦೦ ಜನರಿಗೆ ಸಿಲೋನು ಪೌರತ್ವ ಕೊಡತಕ್ಕದ್ದು ಎಂದು ತೀರ್ಮಾನವಾಯಿತು. ಉಳಿದ ೧,೫೦,೦೦೦ ಜನರನ್ನು ೧೯೭೪ರಲ್ಲಿ ಎರಡು ಸರಕಾರಗಳೂ ಸಮಪಾಲಾಗಿ ಹಂಚಿಕೊಂಡುವು. ಅಣ್ಣತಮ್ಮಂದಿರು ಗದ್ದೆಯನ್ನು ಪಾಲುಮಾಡಿಕೊಳ್ಳುವಾಗಲೂ ಊರ ಹಿರಿಯರನ್ನು ಕರೆದು ಕೇಳುವುದು ನಮ್ಮಲ್ಲಿಯ ಪದ್ಧತಿ. ಈ ಪಾಲಿನಲ್ಲಿ ಪಾಲಾದ ಜನರನ್ನೇ ಯಾರೂ ಕೇಳಲಿಲ್ಲ. ತೋಟದ ಕಾರ್ಮಿಕರ ನಾಯಕರಾಗಿದ್ದ ತೊಂಡಮಾನರು ಇದನ್ನು ಆಕ್ಷೇಪಿಸಿದರು, ಆದರೆ ಪ್ರಯೋಜನವಾಗಲಿಲ್ಲ.

ಒಪ್ಪಂದದ ಪ್ರಕಾರ ಪ್ರತಿಯೊಂದು ಕುಟುಂಬವೂ ಯಾವ ದೇಶದ ಪೌರತ್ವ ಬೇಕೆಂದು ಅರ್ಜಿ ಹಾಕಬೇಕಾಗಿದ್ದಿತು. ಅರ್ಜಿಗೆ ೧೯೭೦ರ ಏಪ್ರಿಲ್ ೩೦ ಕೊನೆಯ ದಿನ. ಸಿಲೋನಿನಲ್ಲಿಯೇ ಇರುವೆವೆಂದು ಬರೆದುಕೊಟ್ಟವರು ಮೂರು ಲಕ್ಷಕ್ಕಿಂತ ಎಷ್ಟೋ ಹೆಚ್ಚಾದರು. ಭಾರತಕ್ಕೆ ಹೋಗುವೆವೆಂದವರು ಗೊತ್ತುಮಾಡಿದ ಸಂಖ್ಯೆಗಿಂತ ಕಡಮೆಯಾದರು. ತಮ್ಮ ಊರು ಯಾವುದೆಂದು ಆ ಜನರು ತಿಳಿದಿದ್ದರೆಂಬುದು ಇದರಿಂದಲೇ ಸ್ಪಷ್ಟವಾಗುವುದು. ಅರ್ಜಿ ಹಾಕುವ ರಾತ್ರಿ ಲಯಂಗಳಲ್ಲಿ ನಡೆದಿರಬಹುದಾದ ಚರ್ಚೆಯನ್ನು ಗೃಹಸ್ಥರಾದವರು ಸುಲಭವಾಗಿ ಊಹಿಸಬಲ್ಲರು. ಮುದುಕರಿಗೆ ತಮ್ಮ ತಂದೆ ಹೇಳಿದ್ದ ಹಳ್ಳಿಯ ಹೆಸರು ನೆನಪಿರುವುದು. ಮಗನಿಗೆ ಗಲಭೆಯ ಭಯ. ಸೊಸೆಗೆ ತನ್ನ ತವರಿನವರೆಲ್ಲ ಆಚೆಯ ತೋಟದಲ್ಲಿರುವರೆಂಬ ಚಿಂತೆ. ಹಿರಿಯ ಮಗನು ಒಂದು ದೇಶವನ್ನೂ ಕಿರಿಯನು ಇನ್ನೊಂದನ್ನೂ ಬರೆದ ಮನೆಗಳು ಒಂದೆರಡಲ್ಲ. ಒಂದೇ ಒಲೆಯ ಸುತ್ತ ಉಂಡವರು ಒಂದು ಕಾಗದದಿಂದ ಪರಸ್ಪರ ವಿದೇಶೀಯರಾದರು.

ಭಾರತದ ಪೌರತ್ವ ದೊರೆತೊಡನೆಯೇ ಹೊರಡುವುದಾಗಲಿಲ್ಲ. ಹೊರಡುವ ದಿನವು ಸರಕಾರದ ಕೈಯಲ್ಲಿದ್ದಿತು. ಕೆಲವರು ವರ್ಷಗಟ್ಟಲೆ ಕಾದರು. ಈ ನಡುವೆ ಮನೆಯಲ್ಲಿ ಮಗು ಹುಟ್ಟಿದರೆ ಅದರ ಹೆಸರನ್ನು ಕಾಗದದಲ್ಲಿ ಸೇರಿಸಬೇಕು. ಮುದುಕರು ತೀರಿಕೊಂಡರೆ ತೆಗೆಯಿಸಬೇಕು. ಮಗಳ ಮದುವೆಯಾದರೆ ಅವಳು ಯಾರ ಕಾಗದಕ್ಕೆ ಸೇರಿದವಳೆಂಬ ಪ್ರಶ್ನೆ ಏಳುವುದು. ಇಂದೋ ನಾಳೆಯೋ ಹೊರಡಬೇಕೆಂದಿರುವವರು ಹಿತ್ತಿಲಿನಲ್ಲಿ ಏನನ್ನು ನೆಟ್ಟಾರು? ಹಾಲು ಕೊಡುವ ಹಸುವನ್ನು ಈಗಲೇ ಮಾರಿದರೆ ಮಕ್ಕಳಿಗೆ ಹಾಲಿಲ್ಲ. ಕಡೆಗೆ ಮಾರಿದರೆ ಕೊಳ್ಳುವವನು ಹೇಳಿದ ಬೆಲೆಗೆ ಕೊಡಬೇಕು. ಅದೇ ವರ್ಷಗಳಲ್ಲಿ, ಮುಖ್ಯವಾಗಿ ೧೯೭೩–೭೪ರಲ್ಲಿ, ಸಿಲೋನಿನ ತೋಟಗಳಲ್ಲಿ ಆಹಾರದ ತೀವ್ರ ಅಭಾವ ತಲೆದೋರಿತು. ಇರಲೆಂದು ಬಯಸಿದವರಿಗೂ ಹೊರಡುವುದೇ ಲೇಸೆಂದು ತೋರುವಂತಾಯಿತು.

ಕಟ್ಟಕಡೆಗೆ ಹೊರಡುವ ನೋಟೀಸು ಬರುವುದು. ಅಲ್ಲಿಂದ ಮುಂದಿನ ಕೆಲವು ವಾರಗಳು ಸಂಪೂರ್ಣವಾಗಿ ಕಾಗದಪತ್ರಗಳ ದಿನಗಳು. ಕ್ಯಾಂಡಿಯಲ್ಲಿದ್ದ ಭಾರತದ ಕಚೇರಿಯಿಂದ ರಹದಾರಿಯೂ 'ಕುಟುಂಬ ಕಾರ್ಡು' ಎಂಬ ಪತ್ರವೂ ದೊರೆಯಬೇಕು. ಆ ಕಾರ್ಡಿನಲ್ಲಿ ಮನೆಯವರೆಲ್ಲರ ಹೆಸರು ಮತ್ತು ಭಾರತದಲ್ಲಿ ಅವರಿಗೆ ದೊರೆಯುವ ಪುನರ್ವಸತಿಯ ವಿವರ ಇರುವುವು. ತೋಟದ ಕಚೇರಿಯಿಂದ ಭವಿಷ್ಯನಿಧಿಯೂ ಉಪದಾನವೂ ಬರತಕ್ಕವು. ಒಂದು ಕುಟುಂಬವು ಕೊಂಡೊಯ್ಯಬಹುದಾದ ಆಸ್ತಿಯ ಮಿತಿಯನ್ನು ನಾಲ್ಕು ಸಾವಿರ ರೂಪಾಯಿಗಿಂತ ಕೆಳಕ್ಕೆ ಇಳಿಸಲಾಗದೆಂದು ಒಪ್ಪಂದದಲ್ಲಿಯೇ ಬರೆದಿದ್ದಿತು. ಬಾಲ್ಯದಿಂದ ಮುಪ್ಪಿನವರೆಗೆ ಚಿಗುರು ಕಿತ್ತವರ ಜೀವಮಾನದ ಗಳಿಕೆಯ ಲೆಕ್ಕ ಆ ಕಾಲದಲ್ಲಿ ಅಂತಹ ಅಂಕೆಗಳಲ್ಲಿ ಮುಗಿಯುತ್ತಿದ್ದಿತು. ವಾಸದ ಪರವಾನಗಿಯ ಅವಧಿ ಮೀರಿದರೂ ಹೊರಡದಿದ್ದ ಕೆಲವರನ್ನು ಪೋಲೀಸರು ಹಿಡಿದು ಹಡಗಿಗೆ ಕಳುಹಿಸಿದುದೂ ಉಂಟು.

ಗಂಡಸರು ಕಚೇರಿಗಳಿಗೆ ಅಲೆಯುತ್ತಿರುವಾಗ ಮನೆಯ ಕೆಲಸ ಹೆಂಗಸರ ಪಾಲಿಗೆ ಬರುವುದು. ಚಹಾತೋಟದಲ್ಲಿ ಚಿಗುರು ಕೀಳುವ ಕೆಲಸವೂ ಹೆಂಗಸರದೇ. ಒಪ್ಪಂದದಂತೆ ಹೊರಡುವವರೆಗೆ ಕೆಲಸದಲ್ಲಿರಲು ಹಕ್ಕಿದ್ದುದರಿಂದ ಅವರು ಬೆಳಗ್ಗೆ ಬುಟ್ಟಿ ಹೊತ್ತು ಮಲೆಗೆ ಹೋಗುವುದು, ಸಂಜೆ ಬಂದು ಗಂಟು ಕಟ್ಟುವುದು. ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು? ಅರೆಯುವ ಕಲ್ಲು ಭಾರ. ಆದರೆ ಅದು ಅತ್ತೆಯ ಕಾಲದ್ದು. ಮನೆ ಬದಲಿಸಿದ ಗೃಹಿಣಿಯರೆಲ್ಲರಿಗೂ ಈ ಕಷ್ಟ ತಿಳಿದುದೇ. ಅಷ್ಟಲ್ಲದೆ ಇವರಿಗೆ ಇನ್ನೊಂದು ಕಷ್ಟವಿದ್ದಿತು: ಹೋಗುವ ಊರಿನಲ್ಲಿ ಚಳಿಯೋ ಸೆಕೆಯೋ, ಕಂಬಳಿ ಬೇಕೋ ಬೇಡವೋ, ಅಕ್ಕಿಯ ಬೆಲೆ ಎಷ್ಟೋ ಎಂಬುದನ್ನು ಹೇಳಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ತೋಟದ ಮಾರಿಯಮ್ಮನಿಗೆ ಕಡೆಯ ಪೂಜೆ, ಹಿರಿಯರನ್ನು ಮಣ್ಣುಮಾಡಿದ ಸ್ಥಳಕ್ಕೆ ಕಡೆಯ ನಮಸ್ಕಾರ. ಆ ಬಳಿಕ ಕೋಣೆಯ ಬೀಗದ ಕೈ ತೋಟದವರ ವಶಕ್ಕೆ.

ಬೆಟ್ಟದ ಸೀಮೆಯಿಂದ ತಲೈಮನ್ನಾರಿಗೆ ಈ ಜನರನ್ನು ಒಯ್ದ ರೈಲಿಗೆ ಅವರೇ 'ಅಳುವ ಗಾಡಿ' ಎಂದು ಹೆಸರಿಟ್ಟರು. ನಿಲ್ದಾಣದಲ್ಲಿ ನಿಂತವರೂ ಗಾಡಿಯಲ್ಲಿ ಕುಳಿತವರೂ ಏಕಕಾಲದಲ್ಲಿ ಅಳುತ್ತಿದ್ದುದೇ ಆ ಹೆಸರಿಗೆ ಕಾರಣ. ಮದುವೆಯಾದ ಮಗಳನ್ನು ಕಳುಹಿಸುವಾಗಲೂ ತಾಯಿಯು ಅಳುವುದುಂಟು. ಆದರೆ ಬರುವ ಹಬ್ಬಕ್ಕೆ ಮಗಳು ಬರುವಳೆಂಬ ಸಮಾಧಾನ ಅಲ್ಲಿರುವುದು. ಇಲ್ಲಿ ಅದಿರಲಿಲ್ಲ. ತಲೈಮನ್ನಾರಿನಲ್ಲಿ ಸುಂಕದವರ ತಪಾಸಣೆ, ಬಳಿಕ ಹಡಗು. ಕಡಲು ಅಲ್ಲಿ ಬಹಳ ಕಿರಿದು; ಧನುಷ್ಕೋಡಿಗೆ ಸುಮಾರು ೩೦ ಕಿಲೋಮೀಟರು ಮಾತ್ರ. ೧೯೬೪ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಡಿ ಹಾಳಾದುದರಿಂದ ಹಡಗು ರಾಮೇಶ್ವರಕ್ಕೆ ಬರುತ್ತಿದ್ದಿತು. ಅಲ್ಲಿಂದ ಮಂಡಪದ ಶಿಬಿರಕ್ಕೆ. ಸಿಲೋನಿಗೆ ಹೋಗುವ ಕೂಲಿಯವರನ್ನು ರೋಗಪರೀಕ್ಷೆಗಾಗಿ ತಡೆದಿರಿಸುತ್ತಿದ್ದುದೂ ಅದೇ ಮಂಡಪದಲ್ಲಿ. ಅಜ್ಜಂದಿರು ಹೊರಟುಹೋದ ಬಾಗಿಲಿನಿಂದಲೇ ಮೊಮ್ಮಕ್ಕಳು ಒಳಕ್ಕೆ ಬಂದರು. ಬಂದವರ ಸಂಖ್ಯೆ, ಆ ನಡುವೆ ಹುಟ್ಟಿದ ಮಕ್ಕಳೂ ಸೇರಿ, ನಾಲ್ಕು ಲಕ್ಷಕ್ಕೂ ಮಿಕ್ಕಿತು. ೧೯೮೩ರ ಜುಲೈಯ ಗಲಭೆಗಳ ಮರುವರ್ಷ ಹಡಗಿನ ಸಂಚಾರ ನಿಂತಿತು; ಬರುವ ದಾರಿಯೂ ಮುಚ್ಚಿತು.

ಇಷ್ಟು ಜನರಿಗೆ ಬದುಕು ಕಲ್ಪಿಸುವುದು ಒಂದು ರಾಜ್ಯದಿಂದ ಆಗುವ ಕೆಲಸವಾಗಿರಲಿಲ್ಲ. ತಮಿಳುನಾಡು ನೀಲಗಿರಿಯಲ್ಲಿ ಚಹಾ ತೋಟಗಳನ್ನು ತೆರೆಯಿತು. ಕೇರಳವು ಪುನಲೂರಿನ ಕಡೆಯಲ್ಲಿ ರಬ್ಬರು ತೋಟಗಳನ್ನು ಮಾಡಿತು. ನಮ್ಮ ರಾಜ್ಯದ ಪಾಲಿಗೆ ಬಂದವರಲ್ಲಿ ಅನೇಕರಿಗೆ ಪುತ್ತೂರು ಸುಳ್ಯಗಳ ರಬ್ಬರು ತೋಟಗಳಲ್ಲಿ ಕೆಲಸವೂ ವಸತಿಯೂ ದೊರೆತುವು. ೧೯೭೧ರಲ್ಲಿ ಸ್ಥಾಪಿತವಾದ ಅರಣ್ಯ ಅಭಿವೃದ್ಧಿ ನಿಗಮವು ಈ ತೋಟಗಳನ್ನು ನಡೆಸುತ್ತ ಬಂದಿದೆ. ವಿಶೇಷವೇನೆಂದರೆ ರಬ್ಬರೂ ಇಲ್ಲಿಯ ಮರವಲ್ಲ. ಅಮೆಜಾನ್ ನದಿಯ ಸೀಮೆಯಿಂದ ೧೮೭೬ರಲ್ಲಿ ಅದರ ಬೀಜ ಲಂಡನ್ನಿನ ಕ್ಯೂ ತೋಟಕ್ಕೆ ಬಂದು, ಅದೇ ವರ್ಷ ಸಸಿಗಳು ಸಿಲೋನಿಗೆ ಬಂದುವು. ಪರದೇಶದ ಮರವು ನಮ್ಮ ಮಣ್ಣಿನಲ್ಲಿ ಬೇರೂರಿದುದನ್ನು ನಾವು ಕೃಷಿಯ ಏಳಿಗೆಯೆನ್ನುತ್ತೇವೆ. ನೆಟ್ಟಣದಲ್ಲಿ ಅದರ ತಳಿಸಂಶೋಧನೆಗೆ ರಬ್ಬರು ಮಂಡಳಿಯ ಕೇಂದ್ರವೂ ಇದೆ.

ಬಂದವರಲ್ಲಿ ಹೆಚ್ಚಿನವರು ಚಹಾದ ಕೆಲಸ ಬಲ್ಲವರು. ಹಾಟನ್, ನುವರ ಎಳಿಯಗಳ ಎತ್ತರದ ಚಳಿಯಲ್ಲಿ ಬೆಳೆದವರಿಗೆ ಘಟ್ಟದ ಬುಡದ ಸೆಕೆ ಹೊಸತು, ಜಿಗಣೆ ತುಂಬಿದ ಆಷಾಢದ ಮಳೆ ಹೊಸತು. ಕೈಗಳೂ ಹೊಸ ಪಾಠ ಕಲಿಯಬೇಕಾಯಿತು. ಚಹಾದ ಚಿಗುರನ್ನು ಬೆರಳಿನಿಂದ ಕೀಳುವುದು. ರಬ್ಬರಿನ ತೊಗಟೆಯನ್ನು ಕತ್ತಿಯಿಂದ ತೆಳುವಾಗಿ ಕೆತ್ತಬೇಕು. ತುಸು ಆಳವಾದರೆ ಮರಕ್ಕೆ ಗಾಯ, ಮೇಲುಮೇಲೆ ಕೆತ್ತಿದರೆ ಹಾಲಿಲ್ಲ. ಬಿಸಿಲೇರಿದರೆ ಹಾಲಿನ ಹರಿವು ಕುಗ್ಗುವುದರಿಂದ ನಸುಕಿಗೇ ಏಳಬೇಕು. ಕಿವಿಗೆ ಬೀಳುವ ಮಾತೂ ತಿಳಿಯದು: ಅಂಗಡಿಯಲ್ಲಿ ತುಳು, ನೆರೆಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ. ತಮಿಳು ನಾಡಿನವರೆಂದು ಹೇಳಿ ಕಳುಹಿಸಲ್ಪಟ್ಟವರು ತಮಿಳು ನಾಡಲ್ಲದ ಕಡೆ ನೆಲೆಯೂರಿದರು. ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು. ಅವರ ಮಕ್ಕಳು ತುಳುವಿನಲ್ಲಿಯೇ ಜಗಳವಾಡುವಷ್ಟು ಊರವರಾಗಿರುವರು.

ಆದರೂ ಮರಳಿ ಬರುವುದು ಹಡಗಿಳಿದ ದಿನವೇ ಮುಗಿಯುವ ಕಾರ್ಯವಲ್ಲವೆಂಬುದನ್ನು ಇವರ ಬಾಳು ತೋರಿಸಿದೆ. ಅಲ್ಲಿದ್ದಾಗ ಇವರಿಗೆ 'ಇಂಡಿಯದವರು' ಎಂದು ಹೆಸರು. ಇಲ್ಲಿಗೆ ಬಂದ ಮೇಲೆ 'ಸಿಲೋನಿನವರು' ಎಂದು ಹೆಸರು. ಪರಿಶಿಷ್ಟ ಜಾತಿಗಳ ಪಟ್ಟಿಯು ರಾಜ್ಯ ರಾಜ್ಯಕ್ಕೆ ಬೇರೆಯಾಗಿರುವುದರಿಂದ, ತಮಿಳುನಾಡಿನಲ್ಲಿ ಸಲ್ಲುತ್ತಿದ್ದ ಜಾತಿಯ ಪ್ರಮಾಣಪತ್ರವು ಇಲ್ಲಿ ದೊರೆಯದೆ ಅನೇಕ ಕುಟುಂಬಗಳ ಮಕ್ಕಳು ತೊಡಕಿಗೆ ಸಿಕ್ಕಿದರು. ಕೆಲಸದೊಂದಿಗೆ ಬಂದ ಮನೆಯು ಕೆಲಸದಿಂದ ನಿವೃತ್ತರಾದ ಮೇಲೆ ಯಾರದೆಂಬ ಪ್ರಶ್ನೆಯೂ ಅವರನ್ನು ಕಾಡಿತು. ಇನ್ನೊಂದು ಸಂಗತಿಯನ್ನು ನೆನೆದರೆ ಮನಸ್ಸು ಭಾರವಾಗುವುದು. ೨೦೦೩ರಲ್ಲಿ ಶ್ರೀಲಂಕೆಯು ಕಾನೂನೊಂದನ್ನು ಮಾಡಿ, ೧೯೬೪ರ ಅಕ್ಟೋಬರ್ ೩೦ರಿಂದ ಅಲ್ಲಿಯೇ ನೆಲೆಸಿದ ಭಾರತೀಯ ಮೂಲದವರಿಗೂ ಅವರ ಸಂತತಿಗೂ ಪೌರತ್ವ ಕೊಟ್ಟಿತು. ಭಾರತದ ರಹದಾರಿ ಪಡೆದೂ ಹಡಗು ಸಿಕ್ಕದೆ ಉಳಿದವರು ಅಲ್ಲಿಯ ಪೌರರಾದರು. ಹೇಳಿದ ದಿನಕ್ಕೆ ವಿಧೇಯರಾಗಿ ಹೊರಟುಬಂದವರಿಗೆ ಮಾತ್ರ ಆ ಬಾಗಿಲು ಎಂದೆಂದಿಗೂ ಮುಚ್ಚಿಹೋಯಿತು.

ಇದನ್ನೆಲ್ಲ ಗೃಹಸ್ಥರ ಮುಂದಿಡುವುದೇಕೆಂದು ಕೆಲವರು ಕೇಳಬಹುದು. ಸರಕಾರಗಳು ಒಪ್ಪಂದ ಮಾಡಿ ಜನರನ್ನು ಕಳುಹಿಸಬಲ್ಲುವು. ಕೆಲಸವನ್ನೂ ಕೋಣೆಯನ್ನೂ ಕೊಡಬಲ್ಲುವು. ಊರನ್ನು ಕೊಡುವುದು ನೆರೆಹೊರೆಯವರಿಂದ ಮಾತ್ರ ಆಗತಕ್ಕ ಕೆಲಸ. ಅರ್ಧ ಶತಮಾನ ನಮ್ಮೊಡನೆ ಮಳೆಯಲ್ಲಿ ನೆನೆದವರನ್ನು ಇನ್ನೂ ಪರದೇಶದ ಹೆಸರಿನಿಂದ ಕರೆಯುವುದು ಸಭ್ಯತೆಯಲ್ಲ. ನಮ್ಮ ಮಕ್ಕಳ ಸಹಪಾಠಿಗಳಲ್ಲಿ ಆ ಮನೆಗಳ ಮಕ್ಕಳಿದ್ದರೆ, ಅವರ ಅಜ್ಜಿಯರನ್ನು ಹಬ್ಬಹರಿದಿನಗಳಲ್ಲಿ ಕಂಡು ಮಾತನಾಡಿಸುವುದು ಒಳ್ಳೆಯದು. 'ನೀವು ಯಾವ ತೋಟದಲ್ಲಿದ್ದಿರಿ, ಅಮ್ಮ?' ಎಂಬ ಒಂದೇ ಪ್ರಶ್ನೆ ಸಾಕು. ಆ ದಿನಗಳನ್ನು ಕಂಡವರು ಈಗ ಬಹಳ ವೃದ್ಧರು. ಅವರ ಮೊಮ್ಮಕ್ಕಳು ಅವರ ಮಾತನ್ನು ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಬರೆದಿಟ್ಟುಕೊಳ್ಳುವುದು ಅವಶ್ಯ. ಪೆಟ್ಟಿಗೆಯ ತಳದಲ್ಲಿರುವ ಕುಟುಂಬ ಕಾರ್ಡನ್ನೂ ಹಳೆಯ ರಹದಾರಿಯನ್ನೂ ಗೆದ್ದಲಿನಿಂದಲೂ ಮಳೆಗಾಲದ ಬೂಷ್ಟಿನಿಂದಲೂ ಕಾಪಾಡಲಿ. ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ಕಡೆ ಇರಿಸಲಿ.

ಪರದೇಶದಿಂದ ಮರಳಲು ಸಿದ್ಧರಾಗುತ್ತಿರುವ ನಮ್ಮ ಮನೆಗಳವರಿಗೂ ಇದರಲ್ಲಿ ಪಾಠವಿದೆ. ಹೊರಡುವ ಮುನ್ನ ಮಕ್ಕಳ ಜನನಪತ್ರ, ಶಾಲೆಯ ಪತ್ರ, ದುಡಿದ ಹಣದ ಲೆಕ್ಕ ಇವನ್ನು ಸರಿಪಡಿಸಿಕೊಳ್ಳುವುದು ಮೊದಲನೆಯ ಕೆಲಸ. ಸಾಮಾನಿನ ಗಂಟು ಆಮೇಲಿನದು. ಅಲ್ಲಿಯೇ ಹುಟ್ಟಿ ಬೆಳೆದ ಮಗುವಿಗೆ 'ನಮ್ಮ ಊರು' ಎಂಬುದು ಕೇಳಿದ ಮಾತು ಮಾತ್ರವೆಂಬುದನ್ನು ಹಿರಿಯರು ಮರೆಯಬಾರದು. ಮರಳಿ ಬಂದ ಮಗುವು ಹಿಂದಿನ ಊರನ್ನು ನೆನೆದು ಅತ್ತರೆ ಗದರಿಸದೆ, ಅಲ್ಲಿಯ ವಿಷಯ ಹೇಳಲು ಬಿಡಬೇಕು. ಬಂದವರು ಅಲ್ಲಿ ಬಿಟ್ಟುಬಂದುದನ್ನು ಕೇಳುವ ತಾಳ್ಮೆಯಿರುವ ಮನೆಯಲ್ಲಿ ಅವರ ಬೇರು ಬೇಗನೆ ಹಿಡಿಯುವುದು.